ಝೋನ್ ಡಿಫೆನ್ಸ್ ಎದುರು ಯಾವ ಆಟ? ನಿಮ್ಮ ತಂಡಕ್ಕೆ ಹೊಂದುವುದನ್ನು ಆರಿಸಿಕೊಳ್ಳುವ ಬಗೆ

ಅಮೆರಿಕದ ಕಾಲೇಜು ಬಾಸ್ಕೆಟ್‌ಬಾಲ್ ನೋಡುವವರಿಗೆ ಈ ದೃಶ್ಯ ಹೊಸದಲ್ಲ. ಒಂದು ತಂಡ ಹತ್ತು ನಿಮಿಷ ಚೆನ್ನಾಗಿ ಆಡುತ್ತಿರುತ್ತದೆ. ಎದುರಾಳಿ ಟೈಮ್‌ಔಟ್ ತಗೊಂಡು ಬಂದು 2-3 ಝೋನ್‌ಗೆ, ಅಂದರೆ ಒಬ್ಬೊಬ್ಬ ಆಟಗಾರನ ಹಿಂದೆ ಓಡದೆ ಮೇಲೆ ಇಬ್ಬರು ಕೆಳಗೆ ಮೂವರು ನಿಂತು ತಂತಮ್ಮ ಜಾಗ ಕಾಯುವ ಡಿಫೆನ್ಸ್‌ಗೆ, ಬದಲಾಗುತ್ತದೆ. ಅಲ್ಲಿಗೆ ಆಟ ನಿಂತುಹೋಗುತ್ತದೆ. ಚೆಂಡು ಹೊರಗಡೆಯೇ ಈ ಕೈಯಿಂದ ಆ ಕೈಗೆ ಸುತ್ತುತ್ತದೆ. ಶಾಟ್ ಹೊಡೆಯಲು ಉಳಿದ ಸಮಯ ತೋರಿಸುವ ಶಾಟ್ ಕ್ಲಾಕ್ 5 ಸೆಕೆಂಡ್‌ಗೆ ಇಳಿಯುತ್ತದೆ. ಬೇರೆ ದಾರಿ ಕಾಣದೆ ಯಾರೋ ಒಬ್ಬರು ದೂರದಿಂದ ಎಸೆಯುತ್ತಾರೆ.

ಆಗ ಏನು ಮಾಡಬೇಕು ಅಂತ ಕೇಳಿದರೆ ಒಬ್ಬೊಬ್ಬರದ್ದು ಒಂದೊಂದು ಉತ್ತರ. ಹೈ ಪೋಸ್ಟ್‌ಗೆ, ಅಂದರೆ ಫ್ರೀ ಥ್ರೋ ಗೆರೆಯ ಹತ್ತಿರಕ್ಕೆ, ಚೆಂಡು ಕೊಡಿ. ಒಂದೇ ಕಡೆ ಜನ ತುಂಬಿಸಿ. ಝೋನ್‌ಗೇ ಸ್ಕ್ರೀನ್ ಹಾಕಿ, ಅಂದರೆ ಡಿಫೆಂಡರ್ ದಾರಿಗೆ ಅಡ್ಡ ನಿಲ್ಲಿ. ಝೋನ್ ನಿಲ್ಲುವ ಮೊದಲೇ ಓಡಿ. ಮೂರು ಪಾಯಿಂಟ್ ಹೊಡೆಯಿರಿ, ಅವರೇ ಝೋನ್ ಬಿಡುತ್ತಾರೆ. ಇವು ಯಾವುವೂ ತಪ್ಪಲ್ಲ. ಆದರೆ ಒಂದು ಸೀಸನ್‌ನಲ್ಲಿ ಒಂದು ತಂಡ ಇಷ್ಟನ್ನೂ ಚೆನ್ನಾಗಿ ಕಲಿಯೋಕೆ ಆಗಲ್ಲ. ಎರಡು ಕಲಿತರೆ ದೊಡ್ಡದು. ಹಾಗಾಗಿ ಆರಿಸಿಕೊಳ್ಳಲೇಬೇಕು.

ಮೊದಲು ಒಂದು ಎಚ್ಚರಿಕೆ. ವೃತ್ತಿಪರ ಲೀಗ್ ಎನ್‌ಬಿಎಯ ವಿಡಿಯೊ ನೋಡಿ ಕಾಲೇಜು ತಂಡಕ್ಕೆ ಝೋನ್ ಆಟ ಕಟ್ಟಬೇಡಿ. ಎನ್‌ಬಿಎ 2001-02ರಿಂದ ಝೋನ್‌ಗೆ ಅವಕಾಶ ಕೊಟ್ಟಿತು. ಆದರೆ ಜೊತೆಗೇ ಡಿಫೆನ್ಸ್‌ಗೆ ಮೂರು ಸೆಕೆಂಡ್ ನಿಯಮವನ್ನೂ ತಂದಿತು. ಯಾರನ್ನೂ ಕಾಯದೆ ಸುಮ್ನೆ ಪೇಂಟ್‌ನಲ್ಲಿ, ಅಂದರೆ ರಿಂಗ್ ಎದುರಿನ ಬಣ್ಣದ ಜಾಗದಲ್ಲಿ, ನಿಂತುಬಿಡುವಂತಿಲ್ಲ. ಕಾಲೇಜಿನಲ್ಲಿ ಆ ನಿಯಮವೇ ಇಲ್ಲ. ಎತ್ತರದ ಸೆಂಟರ್ ರಿಂಗ್ ಕೆಳಗೆ ಕೈ ಚಾಚಿಕೊಂಡು ಇಡೀ ಆಟ ನಿಲ್ಲಬಹುದು. ಎನ್‌ಬಿಎಯಲ್ಲಿ ಬಾಗಿಲು ತೆರೆದಂತೆ ಕಾಣುವ ಜಾಗದಲ್ಲಿ ಇಲ್ಲಿ ಗೋಡೆ ಇರುತ್ತದೆ.

ಅಳೆಯುವುದು ಯಾವುದರಿಂದ?

ನಾನು ಮೊದಲು ಕೇಳುವ ಪ್ರಶ್ನೆ ಶೂಟರ್‌ಗಳ ಬಗ್ಗೆ ಅಲ್ಲ. ಫ್ರೀ ಥ್ರೋ ಗೆರೆಯ ಹತ್ತಿರ, ಮೂರು ಜನರ ನಡುವೆ ಚೆಂಡು ಹಿಡಿದು, ಗಾಬರಿಯಾಗದೆ ಪಾಸ್ ಕೊಡುವವರು ನಿಮ್ಮಲ್ಲಿ ಯಾರಿದ್ದಾರೆ? ಒಬ್ಬರಿದ್ದರೂ ಒಂದು ಥರ, ಒಬ್ಬರೂ ಇಲ್ಲದಿದ್ದರೆ ಇನ್ನೊಂದು ಥರ. ಮುಂದಿನ ಅರ್ಧ ಆಯ್ಕೆ ಇಲ್ಲೇ ಮುಗಿದುಹೋಗುತ್ತದೆ.

ಎರಡನೆಯದು ಶೂಟರ್‌ಗಳ ಲೆಕ್ಕ. ಖಾಲಿ ಜಿಮ್‌ನಲ್ಲಿ ಹೊಡೆಯುವವರನ್ನು ಸೇರಿಸಬೇಡಿ. ಎದುರಿಗೆ ಉದ್ದ ಕೈಯೊಂದು ಓಡಿಬರುತ್ತಿರುವಾಗ ಹೊಡೆಯುವವರನ್ನು ಮಾತ್ರ ಎಣಿಸಿ. 2019-20ರಿಂದ ಪುರುಷರ ಡಿವಿಷನ್ 1 (ಕಾಲೇಜು ಆಟದ ಅತಿ ಮೇಲಿನ ಹಂತ) ಆಟದಲ್ಲಿ ಮೂರು ಪಾಯಿಂಟ್ ಗೆರೆ 20 ಅಡಿ 9 ಇಂಚಿನಿಂದ 22 ಅಡಿ ಒಂದೂ ಮುಕ್ಕಾಲು ಇಂಚಿಗೆ ಹಿಂದೆ ಸರಿದಿದೆ. ಝೋನ್ ಜಾಸ್ತಿ ಹರಡಿಕೊಳ್ಳಬೇಕು ಅನ್ನುವುದು ನಿಜ. ಹೊಡೆತವೂ ದೂರವಾಯಿತು ಅನ್ನುವುದೂ ಅಷ್ಟೇ ನಿಜ.

ಮೂರನೆಯದು ಸಮಯ. ಇದೇ ನಿಮ್ಮ ಬಜೆಟ್. ಸೀಸನ್ ನಡೆಯುವಾಗ ಕಾಲೇಜು ಆಟಗಾರರಿಗೆ ವಾರಕ್ಕೆ 20 ಗಂಟೆಗಿಂತ ಹೆಚ್ಚು ಅಭ್ಯಾಸ ಕೊಡುವಂತಿಲ್ಲ. ಜಿಮ್ ತರಬೇತಿ, ವಿಡಿಯೊ ನೋಡುವುದು ಎಲ್ಲ ಅದರಲ್ಲೇ ಬರುತ್ತದೆ. ಝೋನ್ ಆಟಕ್ಕೆ ದಿನಕ್ಕೆ ಹದಿನೈದು ನಿಮಿಷ ಸಿಕ್ಕರೆ ಹೆಚ್ಚು. ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕು. ಪಂದ್ಯದೊಳಗಿನ ಬಜೆಟ್ ಇನ್ನೂ ಬಿಗಿ. ಶಾಟ್ ಕ್ಲಾಕ್ ಪುರುಷರ ಆಟದಲ್ಲಿ 1985-86ರಲ್ಲಿ 45 ಸೆಕೆಂಡ್ ಇತ್ತು. 1993-94ರಲ್ಲಿ 35 ಆಯಿತು, 2015-16ರಲ್ಲಿ 30ಕ್ಕೆ ಇಳಿಯಿತು. ಚೆಂಡು ತಂದು ಜಾಗದಲ್ಲಿ ನಿಲ್ಲುವಷ್ಟರಲ್ಲಿ ಏಳೆಂಟು ಸೆಕೆಂಡ್ ಹೋಗಿರುತ್ತದೆ. ಉಳಿದಿದ್ದರಲ್ಲಿ ಝೋನ್ ಒಡೆಯಬೇಕು.

ಇನ್ನೆರಡು ಚಿಕ್ಕವು. ಆಟ ಕೆಟ್ಟರೆ ಚೆಂಡು ಎಲ್ಲಿ ಕಳೆದುಹೋಗುತ್ತದೆ, ಆಗ ಹಿಂದೆ ಓಡಲು ಯಾರಿರುತ್ತಾರೆ? ಎದುರಿಗಿರುವುದು ಯಾವ ಥರದ ಝೋನ್? ಈ ಎರಡನ್ನು ನಡುನಡುವೆ ನೋಡುತ್ತಾ ಹೋಗೋಣ.

ಹೊರಗಿನಿಂದ ಹೊಡೆಯುವುದು

ಎಲ್ಲರೂ ಮೊದಲು ಹೇಳುವುದು ಇದನ್ನೇ. ಕಲಿಸುವ ಖರ್ಚು ಕಡಿಮೆ. ಚೆಂಡು ಬೇಗ ತಿರುಗಿಸಿ, ಖಾಲಿ ಇದ್ದವರು ಹೊಡೆಯಿರಿ, ಅಷ್ಟೇ. ಚೆಂಡು ಕಳೆದುಕೊಳ್ಳುವ ಭಯವೂ ಕಡಿಮೆ. ಬಿದ್ದ ದಿನ ಇದರಷ್ಟು ಸುಲಭದ ಆಟ ಇನ್ನೊಂದಿಲ್ಲ.

ಬೀಳದ ದಿನ ಏನಾಗುತ್ತದೆ ಅನ್ನುವುದಕ್ಕೆ 2018ರ ಎನ್‌ಸಿಎಎ (ಕಾಲೇಜುಗಳ ರಾಷ್ಟ್ರೀಯ) ಟೂರ್ನಿಯ ಮಿಷಿಗನ್ ಸ್ಟೇಟ್ ಪಂದ್ಯ ನೋಡಿ. ಎದುರಿಗೆ ಕೋಚ್ ಜಿಮ್ ಬೋಹೈಮ್ ಅವರ ಸಿರಾಕ್ಯೂಸ್. ಝೋನ್ ಅಂದರೆ ಸಿರಾಕ್ಯೂಸ್ ಅನ್ನುವಷ್ಟು ಅವರ 2-3 ಹೆಸರಾಗಿತ್ತು. ಮಿಷಿಗನ್ ಸ್ಟೇಟ್ ಆಡಿದ 66 ಶಾಟ್‌ಗಳಲ್ಲಿ 37 ಮೂರು ಪಾಯಿಂಟ್‌ನವು. ಬಿದ್ದಿದ್ದು 8. ಮೂರನೇ ಸೀಡ್ (ಶ್ರೇಯಾಂಕ) ತಂಡ 11ನೇ ಸೀಡ್ ಎದುರು 55-53ರಲ್ಲಿ ಸೋತು ಮನೆಗೆ ಹೋಯಿತು.

ಅದೇ ಸಿರಾಕ್ಯೂಸ್ ಮುಂದಿನ ಸುತ್ತಿನಲ್ಲಿ ಡ್ಯೂಕ್ ಎದುರು 69-65ರಲ್ಲಿ ಸೋತಿತು. ಡ್ಯೂಕ್‌ಗೂ ಅವತ್ತು ಹೊರಗಿನ ಹೊಡೆತ ಸರಿಯಾಗಿ ಬೀಳಲಿಲ್ಲ. ಆದರೆ ಅವರಿಗೆ ಒಳಗಿನ ದಾರಿ ಇತ್ತು. ಮಾರ್ವಿನ್ ಬ್ಯಾಗ್ಲಿ 22 ಪಾಯಿಂಟ್ ಗಳಿಸಿದರು. ಎರಡೂ ತಂಡಗಳ ಕೈಯಲ್ಲಿ ಹೊರಗಿನ ಶಾಟ್ ಕೈಕೊಟ್ಟಿತು. ಒಂದು ತಂಡಕ್ಕೆ ಮಾತ್ರ ಇನ್ನೊಂದು ದಾರಿ ಗೊತ್ತಿತ್ತು.

ನಾಲ್ಕು ಜನ ನಿಜವಾದ ಶೂಟರ್‌ಗಳಿದ್ದರೆ ಮಾತ್ರ ಇದನ್ನು ಮುಖ್ಯ ಆಟ ಮಾಡಿಕೊಳ್ಳಿ. ಇಬ್ಬರೇ ಇದ್ದರೆ ಝೋನ್ ಅವರಿಬ್ಬರ ಕಡೆಗೇ ವಾಲುತ್ತದೆ, ಉಳಿದವರಿಗೆ ಬೇಕಂತಲೇ ಜಾಗ ಬಿಡುತ್ತದೆ. ಅವರು ಬಿಟ್ಟ ಶಾಟ್ ಹೊಡೆದರೆ ಅವರ ಲೆಕ್ಕದಂತೆಯೇ ಆಡಿದ ಹಾಗಾಯಿತು.

ಹೈ ಪೋಸ್ಟ್: ನಡುವಿನಿಂದ ಒಡೆಯುವುದು

ಒಂದೇ ಒಂದನ್ನು ಆರಿಸಿಕೊಳ್ಳಿ ಅಂತ ಯಾರಾದರೂ ಪಟ್ಟು ಹಿಡಿದರೆ ನಾನು ಇದನ್ನೇ ಹೇಳುತ್ತೇನೆ. ಯಾಕೆ ಅಂತ ಸ್ವಲ್ಪ ಹತ್ತಿರದಿಂದ ನೋಡೋಣ.

2-3 ಝೋನ್‌ನಲ್ಲಿ ಮೇಲೆ ಇಬ್ಬರು, ಕೆಳಗೆ ಮೂವರು. ಚೆಂಡು ಬಲ ವಿಂಗ್‌ನಲ್ಲಿ, ಅಂದರೆ ಕೋರ್ಟ್‌ನ ಬಲ ಪಕ್ಕದಲ್ಲಿ, ಇದೆ ಅಂದುಕೊಳ್ಳಿ. ಮೇಲಿನ ಒಬ್ಬ ಡಿಫೆಂಡರ್ ಆ ಕಡೆ ಹೋಗಿದ್ದಾನೆ. ಇನ್ನೊಬ್ಬ ಫ್ರೀ ಥ್ರೋ ಗೆರೆಯ ನಡುವಿಗೆ ಸರಿದಿದ್ದಾನೆ. ಅವನ ಕಣ್ಣು ಚೆಂಡಿನ ಮೇಲಿದೆ, ನಿಮ್ಮ ಆಟಗಾರ ಅವನ ಬೆನ್ನ ಹಿಂದಿದ್ದಾನೆ. ಚೆಂಡು ವಿಂಗ್‌ನಿಂದ ಮೇಲಕ್ಕೆ ವಾಪಸ್ ಹೊರಡುತ್ತದೆ. ಆ ಡಿಫೆಂಡರ್ ಚೆಂಡಿನ ಹಿಂದೆ ತಲೆ ತಿರುಗಿಸುತ್ತಾನೆ. ನಿಮ್ಮ ಆಟಗಾರ ಓಡಿಬರಬೇಕಾದದ್ದು ಆಗ. ಅರ್ಧ ಸೆಕೆಂಡ್ ಮೊದಲೂ ಅಲ್ಲ, ನಂತರವೂ ಅಲ್ಲ. ಮೊದಲೇ ಬಂದು ನಿಂತರೆ ಕಾಯಲು ಒಬ್ಬ ಸಿದ್ಧನಾಗಿರುತ್ತಾನೆ. ಆ ತಲೆ ತಿರುಗಿದ ಹೊತ್ತಿಗೆ ಬಂದರೆ ನಡುವಿನ ಜಾಗ ಖಾಲಿ.

ಚೆಂಡು ಹಿಡಿದಾಯಿತು. ಈಗ ರಿಂಗ್ ಕಡೆ ತಿರುಗಬೇಕು. ಎಷ್ಟೋ ತಂಡಗಳು ಎಡವುವುದು ಇಲ್ಲೇ. ಹಿಡಿದವನು ರಿಂಗ್‌ಗೆ ಬೆನ್ನು ಹಾಕಿಕೊಂಡೇ ಚೆಂಡನ್ನು ಬಂದ ದಾರಿಯಲ್ಲೇ ವಾಪಸ್ ಕೊಡುತ್ತಾನೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ತಿರುಗಿ ನಿಂತರೆ ಕೆಳಗಿನ ಸೆಂಟರ್ ಇಕ್ಕಟ್ಟಿಗೆ ಸಿಗುತ್ತಾನೆ. ಅವನು ಮೇಲೆ ಬಂದರೆ ಹಿಂದೆ ಶಾರ್ಟ್ ಕಾರ್ನರ್‌ನಲ್ಲಿ, ಅಂದರೆ ಬೇಸ್‌ಲೈನ್ ಪಕ್ಕ ರಿಂಗ್‌ಗೆ ಎರಡು ಹೆಜ್ಜೆಯ ದೂರದಲ್ಲಿ, ನಿಮ್ಮ ಇನ್ನೊಬ್ಬ ಎತ್ತರದ ಆಟಗಾರ ಖಾಲಿ. ಬರದಿದ್ದರೆ ಫ್ರೀ ಥ್ರೋ ದೂರದ ಸುಲಭದ ಶಾಟ್. ಪಕ್ಕದ ಫಾರ್ವರ್ಡ್ ಒಳಗೆ ಸರಿದು ಸಹಾಯ ಮಾಡಿದರೆ ಅವನು ಬಿಟ್ಟುಬಂದ ಕಾರ್ನರ್‌ನಲ್ಲಿ ಶೂಟರ್ ಖಾಲಿ. ಆ ಮೂರು ಪಾಯಿಂಟ್ ಹೊಡೆತ ಹೊರಗಡೆ ಸುತ್ತಿ ಸಿಕ್ಕ ಹೊಡೆತದಂತಲ್ಲ. ಪಾಸ್ ಎದುರಿನಿಂದ ಬರುತ್ತದೆ, ಕಾಲು ಮೊದಲೇ ಸರಿಯಾಗಿ ನಿಂತಿರುತ್ತದೆ, ಡಿಫೆಂಡರ್ ದೂರದಲ್ಲಿರುತ್ತಾನೆ.

ಇದನ್ನು ದೊಡ್ಡ ವೇದಿಕೆಯಲ್ಲಿ ಮಾಡಿ ತೋರಿಸಿದ್ದು 2013ರ ಫೈನಲ್ ಫೋರ್‌ನಲ್ಲಿ (ಸೆಮಿಫೈನಲ್) ಸಿರಾಕ್ಯೂಸ್ ಎದುರು ಮಿಷಿಗನ್. ಅದಕ್ಕೆ ಮುಂಚಿನ ಸುತ್ತಿನಲ್ಲಿ ಸಿರಾಕ್ಯೂಸ್ ಝೋನ್ ಮಾರ್ಕೆಟ್ (Marquette) ವಿಶ್ವವಿದ್ಯಾಲಯದ ತಂಡವನ್ನು ಇಡೀ ಪಂದ್ಯದಲ್ಲಿ 39 ಪಾಯಿಂಟ್‌ಗೆ ಕಟ್ಟಿಹಾಕಿತ್ತು. ಮಿಷಿಗನ್‌ನ ಸ್ಟಾರ್ ಗಾರ್ಡ್ ಟ್ರೇ ಬರ್ಕ್ ಅವರಿಗೂ ಆ ಝೋನ್ ಎದುರು ಸಿಕ್ಕಿದ್ದು 7 ಪಾಯಿಂಟ್ ಮಾತ್ರ. ಆದರೂ ಮಿಷಿಗನ್ 61-56ರಲ್ಲಿ ಗೆದ್ದಿತು. ಸೆಂಟರ್ ಮಿಚ್ ಮೆಕ್‌ಗ್ಯಾರಿ ಅವರ ಲೆಕ್ಕ ನೋಡಿ: 10 ಪಾಯಿಂಟ್, 12 ರೀಬೌಂಡ್, 6 ಅಸಿಸ್ಟ್ (ಬುಟ್ಟಿಗೆ ದಾರಿ ಮಾಡಿದ ಪಾಸ್). ನನಗೆ ಮುಖ್ಯ ಅನ್ನಿಸುವುದು ಕೊನೆಯ ಅಂಕಿ. ಸೆಂಟರ್ ಒಬ್ಬರು 6 ಅಸಿಸ್ಟ್ ಕೊಟ್ಟಿದ್ದಾರೆ ಅಂದರೆ ಝೋನ್ ಒಡೆದದ್ದು ಎಲ್ಲಿಂದ ಅಂತ ಬೇರೆ ಹೇಳಬೇಕಾಗಿಲ್ಲ ಅಲ್ವಾ.

ಇದರ ಬೆಲೆ ಏನು? ಕಲಿಸುವ ಸಮಯ ಮಧ್ಯಮ. ಐದು ಜನರೂ ಎಲ್ಲವನ್ನೂ ಕಲಿಯಬೇಕಾಗಿಲ್ಲ, ನಡುವಿನವರು ಮತ್ತು ಶಾರ್ಟ್ ಕಾರ್ನರ್‌ನವರು ಚೆನ್ನಾಗಿ ಕಲಿತರೆ ಸಾಕು. ಅಪಾಯ ಮಾತ್ರ ಇದೆ. ನಡುವಿಗೆ ಎಸೆದ ಪಾಸ್ ಕೈತಪ್ಪಿದರೆ ಎದುರಾಳಿಗೆ ನೇರ ಓಟ ಸಿಗುತ್ತದೆ. ಅದಕ್ಕೇ ಮೇಲೆ ಒಬ್ಬ ಗಾರ್ಡ್ ಯಾವಾಗಲೂ ಉಳಿದಿರಬೇಕು. ನಡುವಿನಲ್ಲಿ ಯಾರನ್ನು ನಿಲ್ಲಿಸಬೇಕು ಅನ್ನುವುದರಲ್ಲಿ ಎತ್ತರ ನೋಡಿ ಮೋಸ ಹೋಗಬೇಡಿ. ನಿಮ್ಮ ತಂಡದಲ್ಲಿ ಎಲ್ಲರಿಗಿಂತ ಚೆನ್ನಾಗಿ ಪಾಸ್ ಕೊಡುವ ಫಾರ್ವರ್ಡ್ ಸೆಂಟರ್‌ಗಿಂತ ಗಿಡ್ಡವಾಗಿದ್ದರೂ ಅಲ್ಲಿಗೆ ಅವರೇ ಸರಿ.

ಓವರ್‌ಲೋಡ್: ಒಂದು ಕಡೆ ಜನ ತುಂಬುವುದು

ಇದರ ಉಪಾಯ ಸರಳ. ಮೂವರು ಕಾಯುವ ಜಾಗದಲ್ಲಿ ನಾಲ್ವರನ್ನು ನಿಲ್ಲಿಸಿ. ವಿಂಗ್‌ನಲ್ಲಿ ಒಬ್ಬರು, ಅದೇ ಕಡೆಯ ಕಾರ್ನರ್‌ನಲ್ಲಿ ಒಬ್ಬರು, ರಿಂಗ್ ಪಕ್ಕ ಒಬ್ಬರು, ಹೈ ಪೋಸ್ಟ್‌ನಲ್ಲಿ ಒಬ್ಬರು. 2-3ರ ಕೆಳಗಿನ ಫಾರ್ವರ್ಡ್ ಈಗ ಕಾರ್ನರ್‌ಗೆ ಹೋಗಬೇಕೋ ವಿಂಗ್‌ಗೆ ಹೋಗಬೇಕೋ ಗೊತ್ತಾಗದೆ ಪರದಾಡುತ್ತಾನೆ.

ನಡುವಿನಲ್ಲಿ ತಿರುಗಿ ಪಾಸ್ ಕೊಡುವವರು ನಿಮ್ಮಲ್ಲಿ ಇಲ್ಲದಿದ್ದರೆ ಇದು ಒಳ್ಳೆಯ ಆಯ್ಕೆ. ಪಾಸ್‌ಗಳು ಚಿಕ್ಕವು, ಎಲ್ಲರ ಜಾಗ ಗೊತ್ತಿರುತ್ತದೆ, ಹೊಸ ಆಟಗಾರರೂ ಬೇಗ ಕಲಿಯುತ್ತಾರೆ. ಹದಿನೈದು ನಿಮಿಷದ ಬಜೆಟ್‌ನಲ್ಲಿ ಎರಡು ವಾರಕ್ಕೆ ಒಂದು ರೂಪ ಬರುತ್ತದೆ.

ಕೊರತೆ ಎರಡು. ಒಂದು, ಆಟಗಾರರು ತಮ್ಮ ಜಾಗಕ್ಕೆ ಹೋಗಿ ಅಲ್ಲೇ ನಿಂತುಬಿಡುತ್ತಾರೆ. ನಿಂತವರನ್ನು ಕಾಯುವುದು ಝೋನ್‌ಗೆ ಅತಿ ಸುಲಭ. ಎರಡು, ಆ ಕಡೆ ಜನ ಜಾಸ್ತಿಯಾದಂತೆ ಝೋನ್ ಕೂಡ ಅತ್ತಲೇ ಸರಿಯುತ್ತದೆ. ಅದಕ್ಕೆ ಮದ್ದು ಸ್ಕಿಪ್ ಪಾಸ್, ಅಂದರೆ ನಡುವಿನವರನ್ನು ದಾಟಿಸಿ ಆ ತುದಿಗೆ ನೇರ ಎಸೆತ. ಬಲವಾದ ತೋಳಿಲ್ಲದ ಗಾರ್ಡ್ ಕೈಯಲ್ಲಿ ಈ ಪಾಸ್ ಗಾಳಿಯಲ್ಲಿ ತೇಲುತ್ತದೆ. ತೇಲಿದ ಚೆಂಡು ಎದುರಾಳಿಯದ್ದು. ನಿಮ್ಮ ಗಾರ್ಡ್‌ಗಳು ಕೋರ್ಟ್‌ನ ಅಡ್ಡಕ್ಕೆ ಚಪ್ಪಟೆಯಾಗಿ, ಬಿರುಸಾಗಿ ಎಸೆಯಬಲ್ಲರೇ ಅಂತ ಮೊದಲು ನೋಡಿಕೊಳ್ಳಿ.

ಝೋನ್‌ಗೆ ಸ್ಕ್ರೀನ್ ಹಾಕುವುದು

ಸ್ಕ್ರೀನ್ ಮ್ಯಾನ್ ಟು ಮ್ಯಾನ್‌ಗೆ, ಅಂದರೆ ಒಬ್ಬೊಬ್ಬರನ್ನು ಒಬ್ಬೊಬ್ಬರು ಕಾಯುವ ಡಿಫೆನ್ಸ್‌ಗೆ, ಮಾತ್ರ ಅಂದುಕೊಂಡವರು ಬಹಳ ಜನ. ಝೋನ್‌ನಲ್ಲಿ ಇದು ಇನ್ನೂ ಚೆನ್ನಾಗಿ ಕೆಲಸ ಮಾಡುತ್ತದೆ, ಯಾಕೆಂದರೆ ಎಲ್ಲರ ಕಣ್ಣೂ ಚೆಂಡಿನ ಮೇಲಿರುತ್ತದೆ. ಪಕ್ಕದಿಂದ ಬರುವ ಸ್ಕ್ರೀನ್ ಕಾಣುವುದೇ ಇಲ್ಲ.

ನನಗೆ ಇಷ್ಟವಾದದ್ದು ಹೀಗಿದೆ. ಚೆಂಡು ಎಡಗಡೆ ಇದೆ. ಬಲಗಡೆಯ ಕೆಳಗಿನ ಫಾರ್ವರ್ಡ್ ಸಹಾಯಕ್ಕೆಂದು ಒಳಗೆ ಸರಿದು ನಿಂತಿದ್ದಾನೆ. ನಿಮ್ಮ ಎತ್ತರದ ಆಟಗಾರ ಸದ್ದಿಲ್ಲದೆ ಬಂದು ಅವನನ್ನು ಹೊರಗಿನಿಂದ ತಡೆದು ನಿಲ್ಲುತ್ತಾನೆ. ಅದೇ ಹೊತ್ತಿಗೆ ಬಲ ಕಾರ್ನರ್‌ಗೆ ಸ್ಕಿಪ್ ಪಾಸ್. ಫಾರ್ವರ್ಡ್ ಹೊರಗೆ ಓಡಲು ಹೋದರೆ ಎದುರಿಗೆ ಆಳು. ಶೂಟರ್‌ಗೆ ಇಡೀ ಒಂದು ಸೆಕೆಂಡ್ ಸಿಗುತ್ತದೆ.

ಒಬ್ಬರೇ ಒಬ್ಬ ಒಳ್ಳೆಯ ಶೂಟರ್ ಇರುವ ತಂಡಕ್ಕೆ ಇದರಷ್ಟು ಲಾಭದ ಆಟ ಬೇರೆ ಇಲ್ಲ. ಆ ಒಬ್ಬರಿಗೇ ಖಾಲಿ ಜಾಗ ಮಾಡಿಕೊಡುತ್ತದೆ. ಆದರೆ ಖರ್ಚು ಜಾಸ್ತಿ. ಸ್ಕ್ರೀನ್ ಹಾಕುವವರು, ಪಾಸ್ ಕೊಡುವವರು, ಹೊಡೆಯುವವರು, ಮೂವರ ಹೊತ್ತೂ ಕೂಡಬೇಕು. ಸ್ಕ್ರೀನ್ ಹಾಕುವಾಗ ಸ್ವಲ್ಪ ಅಲುಗಾಡಿದರೂ ಫೌಲ್. ಜನವರಿಗೆ ಮುಂಚೆ ಇದು ಕೈಗೆ ಹತ್ತಲಿಲ್ಲ ಅಂತ ಬೇಸರ ಪಡಬೇಡಿ. ಹಳೆಯ ಆಟಗಾರರು ಹೆಚ್ಚಿರುವ, ಒಟ್ಟಿಗೆ ಎರಡು ಮೂರು ವರ್ಷ ಆಡಿದ ತಂಡ ಇದನ್ನು ಆರಿಸಿಕೊಳ್ಳಲಿ.

ನುಗ್ಗುವುದು, ಓಡುವುದು

ಚುರುಕು ಗಾರ್ಡ್‌ಗಳಿರುವ ತಂಡಕ್ಕೆ ಮೇಲಿನ ಇಬ್ಬರು ಡಿಫೆಂಡರ್‌ಗಳ ನಡುವೆ ಡ್ರಿಬಲ್ ಮಾಡಿ ನುಗ್ಗುವುದು ಸಹಜ. ಇಬ್ಬರನ್ನೂ ತನ್ನ ಕಡೆ ಎಳೆದು ಪಾಸ್ ಕೊಟ್ಟರೆ ಆಟ ತೆರೆಯುತ್ತದೆ. ರಿಂಗ್‌ವರೆಗೂ ಹೋಗುತ್ತೇನೆ ಅಂತ ಹಟ ಹಿಡಿದರೆ ಸೆಂಟರ್ ಕಾಯುತ್ತಿರುತ್ತಾನೆ. ಎರಡು ಡ್ರಿಬಲ್, ನಿಲ್ಲು, ಕೊಡು. ಅಷ್ಟೇ ಸಾಕು.

ಒಳಗೆ ನುಗ್ಗುವ ಆಟ ಫ್ರೀ ಥ್ರೋ ಮೇಲೂ ನಿಂತಿದೆ ಅನ್ನುವುದನ್ನು ಮರೆಯಬೇಡಿ. 2003ರ ಎನ್‌ಸಿಎಎ ಫೈನಲ್‌ನಲ್ಲಿ ಕ್ಯಾನ್ಸಸ್ ಸಿರಾಕ್ಯೂಸ್ ಎದುರು 30 ಫ್ರೀ ಥ್ರೋ ಗಳಿಸಿತು. ಹಾಕಿದ್ದು 12. ಸೋತದ್ದು 81-78ರಲ್ಲಿ, ಮೂರೇ ಪಾಯಿಂಟ್‌ಗಳಿಂದ. ಎಷ್ಟು ನೋವಿನ ಲೆಕ್ಕ!

ಝೋನ್ ನಿಲ್ಲುವ ಮೊದಲೇ ಓಡಿ ಹೋಗುವುದು ಎಲ್ಲಕ್ಕಿಂತ ಅಗ್ಗದ ದಾರಿ. ನಿಂತೇ ಇಲ್ಲದ ಝೋನ್ ಒಡೆಯಬೇಕಾಗಿಯೇ ಇಲ್ಲ. ಆದರೆ ಓಡಬೇಕಾದರೆ ಮೊದಲು ನಿಮಗೆ ರೀಬೌಂಡ್ ಸಿಗಬೇಕು. ಎದುರಾಳಿ ಪಾಯಿಂಟ್ ಗಳಿಸುತ್ತಲೇ ಇದ್ದರೆ ಅವರು ನೆಮ್ಮದಿಯಾಗಿ ಹಿಂದೆ ಹೋಗಿ ನಿಲ್ಲುತ್ತಾರೆ. ಹಾಗಾಗಿ ಇದನ್ನು ಇನ್ನೊಂದರ ಜೊತೆ ಇಟ್ಟುಕೊಳ್ಳಿ, ಇದೊಂದನ್ನೇ ನೆಚ್ಚಬೇಡಿ.

ಯಾವುದನ್ನು ಆರಿಸಿದರೂ ಆಫೆನ್ಸಿವ್ ರೀಬೌಂಡ್‌ಗೆ ಇಬ್ಬರನ್ನು ಕಳಿಸಿ. ಝೋನ್‌ನಲ್ಲಿ ಯಾರು ಯಾರನ್ನು ತಡೆಯಬೇಕು ಅನ್ನುವುದು ಗೊತ್ತಿರುವುದಿಲ್ಲ. ಶಾಟ್ ಹೋದಾಗ ಪ್ರತಿ ಡಿಫೆಂಡರ್ ಪಕ್ಕದಲ್ಲಿ ಸಿಕ್ಕವರನ್ನು ಹುಡುಕಬೇಕು. ಅಷ್ಟರಲ್ಲಿ ನಿಮ್ಮವರು ಒಳಗಿರುತ್ತಾರೆ. ಪುರುಷರ ಆಟದಲ್ಲಿ 2019-20ರಿಂದ ಆಫೆನ್ಸಿವ್ ರೀಬೌಂಡ್ ಸಿಕ್ಕರೆ ಶಾಟ್ ಕ್ಲಾಕ್ 20 ಸೆಕೆಂಡ್‌ಗೆ ಬರುತ್ತದೆ. ಮತ್ತೊಮ್ಮೆ ಆಟ ಕಟ್ಟಲು ಅದು ಬೇಕಾದಷ್ಟು.

ಎದುರಿಗಿರುವ ಝೋನ್ ಬೇರೆಯಾದರೆ

ಇಲ್ಲಿಯವರೆಗೆ ಹೇಳಿದ್ದು ಹೆಚ್ಚಾಗಿ 2-3ರ ಬಗ್ಗೆ. 1-3-1 ಬಂದರೆ ಲೆಕ್ಕ ಬದಲಾಗುತ್ತದೆ. ಕೋಚ್ ಜಾನ್ ಬೀಲೈನ್ ವೆಸ್ಟ್ ವರ್ಜೀನಿಯಾದಲ್ಲಿ ಇದನ್ನು ಬಳಸಿ ಹೆಸರು ಮಾಡಿದರು. ಇದರಲ್ಲಿ ನಡುವೆ ಮೂವರು ಸಾಲಾಗಿ ನಿಂತಿರುತ್ತಾರೆ, ಹೈ ಪೋಸ್ಟ್ ಸುಲಭವಾಗಿ ಸಿಗುವುದಿಲ್ಲ. ಖಾಲಿ ಇರುವುದು ಕಾರ್ನರ್‌ಗಳು. ಬೇಸ್‌ಲೈನ್‌ನಲ್ಲಿ ಒಬ್ಬನೇ ಈ ಮೂಲೆಯಿಂದ ಆ ಮೂಲೆಗೆ ಓಡಬೇಕು. ಮೇಲೆ ಇಬ್ಬರು ಗಾರ್ಡ್‌ಗಳನ್ನಿಟ್ಟು ಅವನನ್ನು ಎರಡು ಸಲ ಓಡಿಸಿ. ಮೂರನೇ ಸಲ ಅವನು ತಡವಾಗಿ ಬರುತ್ತಾನೆ. ಇಲ್ಲಿ ಓವರ್‌ಲೋಡ್ ಮತ್ತು ಸ್ಕಿಪ್ ಪಾಸ್ ಹೈ ಪೋಸ್ಟ್‌ಗಿಂತ ಮೇಲು.

ಟೆಂಪಲ್ ವಿಶ್ವವಿದ್ಯಾಲಯದಲ್ಲಿ ಕೋಚ್ ಜಾನ್ ಚೇನಿ ಆಡಿಸುತ್ತಿದ್ದಂಥ ಮ್ಯಾಚ್‌ಅಪ್ ಝೋನ್ ಎಲ್ಲಕ್ಕಿಂತ ಕಷ್ಟ. ನೋಡಲು ಝೋನ್, ಚೆಂಡು ಹತ್ತಿರ ಬಂದಾಗ ಮ್ಯಾನ್ ಟು ಮ್ಯಾನ್. ಜಾಗದಲ್ಲಿ ನಿಂತು ಆಡುವ ಓವರ್‌ಲೋಡ್ ಇಲ್ಲಿ ಉಪಯೋಗಕ್ಕೆ ಬರಲ್ಲ, ನಿಮ್ಮ ಒಬ್ಬೊಬ್ಬರಿಗೂ ಒಬ್ಬೊಬ್ಬರು ಬಂದು ಅಂಟಿಕೊಳ್ಳುತ್ತಾರೆ. ಓಡಾಟ ಮತ್ತು ಸ್ಕ್ರೀನ್ ಬೇಕು. ಒಬ್ಬರ ಜಾಗದಿಂದ ಇನ್ನೊಬ್ಬರ ಜಾಗಕ್ಕೆ ಕಟ್ ಮಾಡುತ್ತಾ ಹೋದರೆ, ನಿನ್ನವನೋ ನನ್ನವನೋ ಅಂತ ಅವರು ಕೂಗಿಕೊಳ್ಳುವ ಹೊತ್ತಿನಲ್ಲಿ ಜಾಗ ಸಿಗುತ್ತದೆ.

ತೀರ್ಮಾನಿಸುವ ಮುನ್ನ ಒಂದು ಅಭ್ಯಾಸ

ಎರಡು ಆಟಗಳ ನಡುವೆ ಮನಸ್ಸು ಓಲಾಡುತ್ತಿದ್ದರೆ ಬಾಯಿಮಾತಿನಲ್ಲಿ ತೀರ್ಮಾನ ಮಾಡಬೇಡಿ. ನಿಮ್ಮ ಎರಡನೇ ಐವರನ್ನು ಝೋನ್‌ನಲ್ಲಿ ನಿಲ್ಲಿಸಿ. ಮೊದಲ ಐವರಿಗೆ ಒಂದು ಆಟದಲ್ಲಿ ಹತ್ತು ಸಲ, ಇನ್ನೊಂದರಲ್ಲಿ ಹತ್ತು ಸಲ ಅವಕಾಶ ಕೊಡಿ. ಕ್ಲಾಕ್ 20 ಸೆಕೆಂಡ್‌ಗೆ ಇಡಿ. ಪಕ್ಕದಲ್ಲಿ ಒಬ್ಬರು ಕಾಗದ ಹಿಡಿದು ಕೂರಲಿ.

ಬುಟ್ಟಿಗೆ ಬಿತ್ತೋ ಇಲ್ಲವೋ ಅನ್ನುವುದನ್ನು ಬರೆಯುವುದು ಬೇಡ. ಹತ್ತು ಶಾಟ್‌ನಲ್ಲಿ ಅದೃಷ್ಟವೇ ಜಾಸ್ತಿ. ಮೂರು ವಿಷಯ ಬರೆದರೆ ಸಾಕು. ಚೆಂಡು ಎಷ್ಟು ಸಲ ಪೇಂಟ್ ಒಳಗೆ ಅಥವಾ ಫ್ರೀ ಥ್ರೋ ಗೆರೆಗೆ ಮುಟ್ಟಿತು? ಎಷ್ಟು ಸಲ ಕೈತಪ್ಪಿತು? ಹೊಡೆದವರು ನೀವು ಹೊಡೆಯಲಿ ಅಂತ ಬಯಸಿದವರೇನಾ? ಒಂದು ವಾರ ಬಿಟ್ಟು ಇದನ್ನೇ ಇನ್ನೊಮ್ಮೆ ಮಾಡಿ, ಈ ಸಲ ನಡುವಿನಲ್ಲಿ ಬೇರೆ ಆಟಗಾರರನ್ನು ನಿಲ್ಲಿಸಿ. ಎರಡು ಕಾಗದಗಳನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ. ಯಾವ ಆಟ ಅನ್ನುವುದರ ಜೊತೆಗೆ ನಡುವಿಗೆ ಯಾರು ಅನ್ನುವುದೂ ಅದರಲ್ಲೇ ಕಾಣುತ್ತದೆ.